ಅಂಗೈಯಗಲದ ತೂತಿಗೆ ಗೇಣಗಲದ ತೇಪೆ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರಿ ರಿಪೇರಿಗೆ ನಿಲ್ಲುವ ಕಾಲವದು. ಹೊಳೆದಡದಲ್ಲಿ ನಾಲ್ಕು ಕಂಬ ನೆಟ್ಟು ಟಾರ್ಪಾಲು ಕಟ್ಟಿದರೆ ಅದೇ ಶೆಡ್ಡು. ಕಲ್ಲಿಗೆ ಬಡಿದ ಸಣ್ಣ ಫೈಬರ್ ದೋಣಿಯನ್ನು ಅಲ್ಲೇ ಮಗುಚಿ, ಮಾಲೀಕರೇ ತೇಪೆ ಹಾಕಿಕೊಳ್ಳುವುದೂ ಉಂಟು.

ಕಣ್ಣಿಗೆ ಕಾಣುವ ತೂತು ಪೂರ್ತಿ ಪೆಟ್ಟಲ್ಲ. ಒಂದು ನಾಣ್ಯ ತೆಗೆದುಕೊಂಡು ಸುತ್ತಲೂ ಮೆಲ್ಲಗೆ ಕುಟ್ಟಿ ನೋಡಿ. ಗಟ್ಟಿ ಜಾಗ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಆ ಮಂಕು ಸದ್ದು ನಿಲ್ಲುವಲ್ಲಿಯವರೆಗೆ ಕತ್ತರಿಸಿ ತೆಗೆಯಬೇಕು.

ಅನಂತರದ ಕೆಲಸಕ್ಕೆ ಬಹಳ ಜನರಿಗೆ ಮನಸ್ಸು ಬರುವುದಿಲ್ಲ, ಏಕೆಂದರೆ ಚೆನ್ನಾಗಿರುವ ಭಾಗವನ್ನೇ ಉಜ್ಜಿ ತೆಳ್ಳಗೆ ಮಾಡಬೇಕು. ಇದಕ್ಕೊಂದು ಕಾರಣವಿದೆ. ದೋಣಿಯ ಮೈಯನ್ನೂ ತೇಪೆಯನ್ನೂ ಕಟ್ಟುವ ಪಾಲಿಯೆಸ್ಟರ್ ರೆಸಿನ್‌ಗೆ ಹಾರ್ಡನರ್ ಬೆರೆಸಿದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ, ಈ ಬಲೆಯೂ ಮತ್ತೆ ಬಿಚ್ಚುವುದಿಲ್ಲ. ವರ್ಷಗಳ ಹಿಂದೆ ಗಟ್ಟಿಯಾದ ದೋಣಿಯ ಮೈಯಲ್ಲಿ ಹೊಸ ರೆಸಿನ್ ಜೊತೆ ಹೆಣೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಹಾಗಾಗಿ ತೇಪೆ ನಿಲ್ಲುವುದು ಮುಖ್ಯವಾಗಿ ಹಿಡಿತದಿಂದ. ಒರಟು ಗೀರುಗಳೊಳಗೆ ರೆಸಿನ್ ಇಳಿದು ಕಚ್ಚಿಕೊಳ್ಳಬೇಕು. ಹಿಡಿಯಲು ಜಾಗವೂ ಬೇಕು. ದಪ್ಪದ 12 ಪಟ್ಟು ದೂರಕ್ಕೆ ಇಳಿಜಾರು ಉಜ್ಜಬೇಕೆಂಬುದು ರೂಢಿಯ ಲೆಕ್ಕ. 6 ಮಿಲಿಮೀಟರ್ ದಪ್ಪದ ಮೈಯಾದರೆ ಸುತ್ತಲೂ 72 ಮಿಲಿಮೀಟರ್. ಅಂಗೈಯಗಲದ ತೂತಿಗೆ ತೇಪೆ ಗೇಣಗಲವಾಗುವುದು ಹೀಗೆ. ಇಳಿಜಾರಿಲ್ಲದೆ ಅಂಚಿಗೆ ಅಂಚು ಕೂಡಿಸಿದರೆ ಅಲೆಯ ಹೊಡೆತವೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ, ಅಲ್ಲೇ ಬಿರುಕು ಬಿಡುತ್ತದೆ.

ಉಜ್ಜುವ ಮೊದಲು ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಎಣ್ಣೆ ಜಿಡ್ಡನ್ನು ಅಸಿಟೋನ್‌ನಲ್ಲಿ ಒರೆಸಿ. ಇಲ್ಲದಿದ್ದರೆ ಗ್ರೈಂಡರ್ ಆ ಜಿಡ್ಡನ್ನೇ ಗೀರುಗಳೊಳಗೆ ತುಂಬುತ್ತದೆ. ಮಳೆಗಾಲದ ತೇವ ಇನ್ನೊಂದು ಶತ್ರು: ತೇಪೆಗೆ ಹಾಕುವ ಗಾಜಿನ ಎಳೆಗಳ ಮ್ಯಾಟ್ ಒದ್ದೆಯಾಗಿದ್ದರೆ ರೆಸಿನ್ ಎಳೆಗೆ ಅಂಟುವುದಿಲ್ಲ.

ಹಾರ್ಡನರ್ ಸಾಮಾನ್ಯವಾಗಿ 100 ಗ್ರಾಂ ರೆಸಿನ್‌ಗೆ 1ರಿಂದ 2 ಗ್ರಾಂ. ಹೆಣಿಗೆ ನಡೆಯುವಾಗ ಶಾಖ ಹುಟ್ಟುತ್ತದೆ. ದೋಣಿಯ ಮೈಮೇಲೆ ತೆಳುವಾಗಿ ಹರಡಿದರೆ ಆ ಶಾಖ ಗಾಳಿಗೆ ಹೋಗುತ್ತದೆ. ಅದೇ ರೆಸಿನ್ ಮಗ್ಗಿನಲ್ಲಿ ಉಳಿದರೆ ಶಾಖಕ್ಕೆ ದಾರಿಯಿಲ್ಲದೆ ಹೊಗೆಯೇಳುವಷ್ಟು ಕಾಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕಲಸಿ.

ಕೆಲವು ರೆಸಿನ್‌ಗಳಿಗೆ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಸೇರಿಸಬೇಕು. ಅದನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕದಡಿ, ಆಮೇಲೆ ಹಾರ್ಡನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡನರ್ ಎರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು. ಗಾಜಿನ ಧೂಳಿಗೆ ಮಾಸ್ಕ್ ಹಾಕಿ. ಕನ್ನಡಕವಿಲ್ಲದೆ ಹಾರ್ಡನರ್ ಬಾಟಲಿ ತೆರೆಯಲೇಬೇಡಿ. ಒಂದು ಹನಿ ಸಿಡಿದರೂ ಕಣ್ಣು ಹೋಗಬಹುದು. ಸಿಡಿದರೆ ಆ ಕ್ಷಣವೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯುತ್ತಲೇ ಇರಿ, ನೇರ ಕಣ್ಣಿನ ವೈದ್ಯರ ಬಳಿ ಹೋಗಿ.