ನಡೆದರೂ ಮುಂದೆ ಹೋಗದ ವಾಕರ್

ಇಂಗ್ಲೆಂಡಿನ ಕ್ಲೈಂಟ್ ಜತೆ ಕಾಲ್ ಶುರುವಾಗೋ ಮೊದಲು ಎರಡು ನಿಮಿಷ ಹರಟೆ ಇರುತ್ತಲ್ಲ, ಅಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಆ ಕಡೆ ಇದ್ದವರ ಅಡ್ಡಹೆಸರು ವಾಕರ್. 'ನಿಮ್ಮ ಹಿರಿಯರು ತುಂಬಾ ವಾಕಿಂಗ್ ಹೋಗ್ತಿದ್ರಾ?' ಅಂತ ಕೇಳಿಬಿಟ್ಟೆ. 'ನಡೀತಿದ್ರು, ಆದ್ರೆ ಇದ್ದಲ್ಲೇ. ಅದೂ ಮೂತ್ರದ ತೊಟ್ಟಿಯಲ್ಲಿ' ಅಂದರು. ನಮ್ಮ ಕಡೆ ಎಲ್ಲರೂ ಗಪ್‌ಚುಪ್.

ಅವರು ಹೇಳಿದ್ದು ನಿಜವೇ. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯಲ್ಲಿ ಜಿಡ್ಡು ಇರುತ್ತಿತ್ತು, ನೇಯ್ಗೆಯೂ ಸಡಿಲ. ಅದನ್ನು ತೊಟ್ಟಿಗೆ ಹಾಕಿ, ನೀರು, ಹಳಸಿದ ಮೂತ್ರ ಸುರಿದು ಗಂಟೆಗಟ್ಟಲೆ ತುಳಿಯಬೇಕಿತ್ತು. ಮೂತ್ರ ಹಳಸಿದರೆ ಅಮೋನಿಯಾ ಬರುತ್ತೆ, ಅದು ಜಿಡ್ಡು ಬಿಡಿಸುತ್ತೆ. ತುಳಿದಷ್ಟೂ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತಿತ್ತು. ಜಿಡ್ಡು ಹೀರಲು ಒಂದು ಮಣ್ಣನ್ನೂ ಬಳಸುತ್ತಿದ್ದರು. ಆ ಮಣ್ಣು ನಿಮಗೂ ಗೊತ್ತು: ಮುಖಕ್ಕೆ ಹಚ್ಚಿಕೊಳ್ಳೋ ಮುಲ್ತಾನಿ ಮಿಟ್ಟಿ! ಇಂಗ್ಲಿಷಿನಲ್ಲಿ ಅದು ಇವತ್ತಿಗೂ 'ಫುಲ್ಲರ್ಸ್ ಅರ್ತ್'.

ಈ ಫುಲ್ಲರ್ ಕೂಡ ಅದೇ ಕೆಲಸದವನು. ಆಗ್ನೇಯ ಇಂಗ್ಲೆಂಡಿನಲ್ಲಿ ಫುಲ್ಲರ್, ನೈರುತ್ಯದಲ್ಲಿ ಟಕ್ಕರ್, ಉತ್ತರದ ಕಡೆ ವಾಕರ್. ಹೆಸರು ಕೇಳಿದರೆ ಮೂಲ ಯಾವ ದಿಕ್ಕು ಅಂತ ಒಂದು ಅಂದಾಜು ಸಿಗುತ್ತೆ. ಎಕ್ಸೆಟರ್ ಊರಿನಲ್ಲಿ ಈ ಕಸುಬಿನವರು, ನೇಕಾರರು ಸೇರಿದ್ದ ಸಂಘಕ್ಕೆ 1471ರಲ್ಲಿ ಎದ್ದ ಟಕ್ಕರ್ಸ್ ಹಾಲ್ ಈಗಲೂ ಇದೆ. ಅಂದಹಾಗೆ 'ಟಕ್ಕರ್' ಹುಟ್ಟಿದ ಹಳೆಯ ಇಂಗ್ಲಿಷ್ ಪದಕ್ಕೆ ಹಿಂಸೆ ಕೊಡು ಅನ್ನೋ ಅರ್ಥವಿತ್ತು. ಹಿಂಸೆ ಬಟ್ಟೆಗೋ, ಮೂಗಿಗೋ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. 12ನೇ ಶತಮಾನದ ಕೊನೆಗೇ ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ನೀರಿನ ಗಿರಣಿಗಳು ಬಂದಿದ್ದವು. ಚಕ್ರ ತಿರುಗಿದಂತೆ ಮರದ ಕೊಡತಿಗಳು ಎದ್ದೆದ್ದು ಬಟ್ಟೆ ಮೇಲೆ ಬೀಳುತ್ತಿದ್ದವು, ಕಾಲಿನ ಕೆಲಸವೇ ಇಲ್ಲ. ಅಡ್ಡಹೆಸರು ಅಪ್ಪನಿಂದ ಮಗನಿಗೆ ಇಳಿಯೋದು ಜನಸಾಮಾನ್ಯರಲ್ಲಿ ಗಟ್ಟಿಯಾಗಿದ್ದು ಹೆಚ್ಚಾಗಿ ಅದಾದ ಮೇಲೆ. ಅಂದರೆ ವಾಕರ್ ಅನ್ನಿಸಿಕೊಂಡ ಎಷ್ಟೋ ಜನ ಆಗಲೇ ತುಳಿಯೋದು ಬಿಟ್ಟು ಗಿರಣಿ ನೋಡಿಕೊಳ್ಳುತ್ತಿದ್ದರು. ಕೆಲಸ ಆಟೊಮೇಟ್ ಆದರೂ ಡೆಸಿಗ್ನೇಶನ್ ಬದಲಾಗಲಿಲ್ಲ!

ನಮ್ಮ ಟೀಮಿನಲ್ಲಿ ಧಾರವಾಡದ ಕಡೆಯ ಹುಡುಗನೊಬ್ಬ ಇದ್ದಾನೆ. ಎಲ್ಲ ಕಡೆ ಹೆಸರಿನ ಮುಂದೆ 'ಬಿ' ಅಂತಷ್ಟೇ ಹಾಕಿಕೊಳ್ಳುತ್ತಿದ್ದ, ಕೇಳಿದರೂ ಬಿಡಿಸಿ ಹೇಳುತ್ತಿರಲಿಲ್ಲ. ವಾಕರ್ ತಮ್ಮ ಕತೆ ಮುಗಿಸುತ್ತಿದ್ದಂತೆ ಮೈಕ್ ಆನ್ ಮಾಡಿದ.

'ಸರ್, ನಾನು ಬಡಿಗೇರ. ನಿಮ್ಮಲ್ಲಿ ಕಾರ್ಪೆಂಟರ್ ಅಂತಾರಲ್ಲ, ಅದೇ.'

'ನಮ್ಮ ಪಕ್ಕದ ಮನೆಯವರೂ ಕಾರ್ಪೆಂಟರ್' ಅಂದರು ವಾಕರ್, 'ಡೆಂಟಿಸ್ಟು.'