ಬರಲೊಲ್ಲದ ಜೀವ

ಕಚ-ದೇವಯಾನಿಯರ ಕಥೆಯನ್ನು ಮುಗಿಸಿ ತರಗತಿಯಿಂದ ಹೊರಬಂದೆ. ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದು, "ನಮ್ಮ ಆಟದಲ್ಲಿಯೂ ಸಂಜೀವಿನಿಯುಂಟು, ಸಾರ್" ಎಂದನು. ಆಟವೆಂದರೆ, 1974ರಲ್ಲಿ ಅಮೆರಿಕದ ಗೇರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳವುರುಳಿಸಿ, ಮಾತಿನಲ್ಲಿಯೇ ಕಥೆಯನ್ನು ನಡೆಸುವ ಆಟವದು.

ಅಲ್ಲಿ ಪುನರ್ಜೀವನಕ್ಕೊಂದು ದರಪಟ್ಟಿಯೇ ಇದೆ! 2014ರ ನಿಯಮಗಳಂತೆ, ಸತ್ತ ಒಂದು ನಿಮಿಷದೊಳಗಾದರೆ 300 ಹೊನ್ನು ಬೆಲೆಯ ವಜ್ರ ಸಾಕು. ಹತ್ತು ದಿನಗಳೊಳಗಾದರೆ 500. ನೂರು ವರ್ಷಗಳೊಳಗಾದರೆ 1000. ಮಂತ್ರದೊಡನೆ ವಜ್ರವೂ ಮುಗಿದುಹೋಗುತ್ತದೆ. ನಾನು ನಕ್ಕುಬಿಟ್ಟೆ. ಕಚನನ್ನು ಮೂರನೆಯ ಬಾರಿ ಬದುಕಿಸಲು ಶುಕ್ರಾಚಾರ್ಯನು ತನ್ನ ಹೊಟ್ಟೆಯನ್ನೇ ಸೀಳಿಸಿಕೊಂಡು ಸಾಯಬೇಕಾಯಿತು. ಇಲ್ಲಿ ಬರಿಯ ಅಂಗಡಿಯ ಲೆಕ್ಕ!

ಆದರೆ ಹುಡುಗ ಹೇಳಿದ ಮತ್ತೊಂದು ನಿಯಮ ನನ್ನ ನಗೆಯನ್ನು ತಡೆಯಿತು. ಸತ್ತವನ ಆತ್ಮ ಒಪ್ಪದಿದ್ದರೆ ಮಂತ್ರ ಫಲಿಸದು. ನಮ್ಮ ಶುಕ್ರನು ಕಚನನ್ನು 'ಬರುವೆಯಾ?' ಎಂದು ಕೇಳಲಿಲ್ಲ; ಕರೆದನು, ಅವನು ಬಂದನು, ಅಷ್ಟೆ.

ಈ ಹುಡುಗನ ಪಾತ್ರವು, ಗೆಳೆಯರು ಪಾರಾಗಲೆಂದು, ಸೇತುವೆಯೊಂದನ್ನು ಒಂಟಿಯಾಗಿ ಕಾದು ಮಡಿದಿತ್ತು. ಅವರು ಆಟದಲ್ಲಿ ಗಳಿಸಿದ್ದನ್ನೆಲ್ಲ ಕೂಡಿಸಿ ವಜ್ರ ತಂದರಂತೆ. ಆಟದ ಸೂತ್ರಧಾರನು, "ಮರಳಿ ಬರುವೆಯಾ?" ಎಂದು ಕೇಳಿದನಂತೆ.

"ನೀನು ಏನೆಂದೆ?"

"ಒಲ್ಲೆನೆಂದೆ, ಸಾರ್. ಬಂದಿದ್ದರೆ ಆ ಸೇತುವೆಯನ್ನು ಕಾದದ್ದು ಸುಳ್ಳಾಗುತ್ತಿತ್ತು."

ಗೆಳೆಯರು ಎರಡು ವಾರ ಅವನೊಡನೆ ಮಾತನಾಡಲಿಲ್ಲವಂತೆ.