ಕುದಿಯುವ ಎಸರೂ ಅಡಗಿದ ಶಾಖವೂ

ಎಸರು ಕೊತಕೊತನೆ ಕುದಿಯತೊಡಗಿದ ಮೇಲೂ ಒಲೆಗೆ ಇನ್ನೆರಡು ಕೊಳ್ಳಿಗಳನ್ನು ಸೇರಿಸುವುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಈಗ ಕೊಳ್ಳಿಯ ಸ್ಥಾನಕ್ಕೆ ಗ್ಯಾಸು ಬಂದಿದೆ. ರೂಢಿ ಮಾತ್ರ ಹಾಗೆಯೇ ಉಳಿದಿದೆ. ಉರಿ ಹೆಚ್ಚಿದಷ್ಟೂ ನೀರು ಹೆಚ್ಚು ಬಿಸಿಯಾಗುವುದು, ಬೇಳೆ ಬೇಗನೆ ಬೇಯುವುದು ಎಂದು ಅನೇಕರ ನಂಬಿಕೆ. ಇದರಿಂದ ವ್ಯರ್ಥವಾಗುವ ಇಂಧನವು ಅಲ್ಪವಲ್ಲವಾದುದರಿಂದ ಇದರ ನಿಜವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ತೆರೆದ ಪಾತ್ರೆಯ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು ಕಾಯಿಸಿದರೆ, ಪಾದರಸವು ಏರುತ್ತ ಏರುತ್ತ 100 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದು ನಿಂತುಬಿಡುತ್ತದೆ. (ಜ್ವರ ನೋಡುವ ಕಡ್ಡಿಯನ್ನು ಇದಕ್ಕೆ ಬಳಸಬಾರದು, ಒಡೆದುಹೋದೀತು.) ಆಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಪಾದರಸವು ಕದಲದು. ನೀರಿನ ಆರ್ಭಟ ಹೆಚ್ಚುವುದು, ಆವಿ ಹೆಚ್ಚುವುದು, ನೀರು ಬೇಗ ಬತ್ತುವುದು. ಬಿಸಿ ಮಾತ್ರ ಅಷ್ಟೇ. ಬೇಳೆಯು ಬೇಯುವುದು ನೀರಿನ ಬಿಸಿಯಿಂದಲೇ ಹೊರತು ಅದರ ಕುಣಿತದಿಂದಲ್ಲ.

ಹಾಗಾದರೆ ಒಲೆಯಿಂದ ಬಂದ ಶಾಖವೆಲ್ಲ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು ಕೈಗೆತ್ತಿಕೊಂಡನು. ಕೆಂಪಗೆ ಕಾದ ಕಬ್ಬಿಣದ ಹಲಗೆಯ ಮೇಲೆ ತಗಡಿನ ಪಾತ್ರೆಯಲ್ಲಿ ತಣ್ಣೀರನ್ನಿಟ್ಟು ನೋಡಲು, ಅದು ಕುದಿಯಲು ಸುಮಾರು ನಾಲ್ಕು ನಿಮಿಷ ಹಿಡಿಯಿತು. ಪೂರ್ತಿ ಆವಿಯಾಗಿ ಹೋಗಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಒಳಹೊಕ್ಕ ಶಾಖವು ನೀರನ್ನು ಇನ್ನಷ್ಟು ಬಿಸಿ ಮಾಡದೆ, ನೀರನ್ನು ಆವಿಯಾಗಿಸುವುದರಲ್ಲಿಯೇ ವಿನಿಯೋಗವಾಯಿತೆಂದು ಅವನು ನಿರ್ಣಯಿಸಿದನು. ಉಷ್ಣಮಾಪಕಕ್ಕೆ ಕಾಣಿಸದ ಈ ಶಾಖವನ್ನೇ ಗುಪ್ತೋಷ್ಣವೆನ್ನುವರು. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಸೆಳೆದುಕೊಂಡಿರುವುವು. ಆ ಹಿಡಿತವನ್ನು ಬಿಡಿಸಿ ಹೊರಕ್ಕೆ ಹಾರಿಸಲು ಇದು ವ್ಯಯವಾಗುವುದು.

ಇದರ ಪ್ರಮಾಣವು ಆಶ್ಚರ್ಯಕರವಾದುದು. 25 ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಯುವವರೆಗೆ ಕಾಯಿಸಲು 75 ಕ್ಯಾಲೊರಿ ಸಾಕು. ಅದನ್ನೇ ಆವಿ ಮಾಡಲು ಮತ್ತೆ 540 ಕ್ಯಾಲೊರಿ ಬೇಕು, ಅಂದರೆ ಏಳು ಪಟ್ಟು. ಆದಕಾರಣ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ, ಪಾತ್ರೆಗೆ ಮುಚ್ಚಳವಿಟ್ಟು, ನೀರು ಮೆಲ್ಲಗೆ ಕುದಿಯುತ್ತಿರುವಂತೆ ನೋಡಿಕೊಂಡರೆ ಬೇಳೆಯು ಅಷ್ಟೇ ಹೊತ್ತಿನಲ್ಲಿ ಬೇಯುವುದು.

ಬೇಗ ಬೇಯಿಸಲೇಬೇಕಾದರೆ ನೀರಿನ ಕುದಿಯುವ ಮೇರೆಯನ್ನೇ ಮೇಲಕ್ಕೇರಿಸಬೇಕು. ನೀರಿನ ಮೇಲಿನ ಒತ್ತಡ ಕಡಿಮೆಯಾದರೆ ಈ ಮೇರೆ ಇಳಿಯುವುದು, ಹೆಚ್ಚಿದರೆ ಏರುವುದು. ಸಮುದ್ರತೀರದ ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರಲ್ಲಿಯೂ, 3,500 ಮೀಟರ್ ಎತ್ತರದ ಲೇಹ್ ಪಟ್ಟಣದಲ್ಲಿ 88ರ ಆಸುಪಾಸಿನಲ್ಲಿಯೂ ಕುದಿಯುವುದು. ಅಲ್ಲಿ ಕಾಳು ಬೇಯುವುದು ತಡವೆಂದು ಬೇರೆ ಹೇಳಬೇಕಿಲ್ಲ. ಕುಕ್ಕರಿನಲ್ಲಾದರೋ ಆವಿಯನ್ನು ಕಟ್ಟಿಹಾಕಿ ಒತ್ತಡವನ್ನು ಸುಮಾರು ಇಮ್ಮಡಿಗೊಳಿಸುವುದರಿಂದ ನೀರು 120 ಡಿಗ್ರಿಯವರೆಗೂ ಏರುವುದು. 1679ರಲ್ಲಿಯೇ ಡೆನಿಸ್ ಪ್ಯಾಪಿನ್ ಎಂಬ ಫ್ರೆಂಚನು ಮೂಳೆಯನ್ನೂ ಮೆದುವಾಗಿಸುವ ಇಂತಹ ಪಾತ್ರೆಯನ್ನು ಲಂಡನ್ನಿನಲ್ಲಿ ತೋರಿಸಿದ್ದನು. ಕುಕ್ಕರು ಕೂಗತೊಡಗಿದ ಮೇಲೆ ಅಲ್ಲಿಯೂ ಉರಿ ತಗ್ಗಿಸತಕ್ಕದ್ದೇ.

ಒಳಹೊಕ್ಕ ಶಾಖವು ಎಂದಾದರೂ ಹೊರಬರಲೇಬೇಕು. ಆವಿಯು ತಣ್ಣನೆಯ ವಸ್ತುವಿಗೆ ತಗುಲಿ ಮತ್ತೆ ನೀರಾಗುವಾಗ ಆ 540 ಕ್ಯಾಲೊರಿಗಳನ್ನು ಅಲ್ಲಿಯೇ ಬಿಟ್ಟುಕೊಡುವುದು. ನಮ್ಮ ಇಡ್ಲಿಯೂ ಕಡುಬೂ ನೀರಿನಲ್ಲಿ ಮುಳುಗದೆಯೂ ಬೇಯುವುದು ಹೀಗೆಯೇ. ಆದರೆ ಆ ತಣ್ಣನೆಯ ವಸ್ತುವು ನಮ್ಮ ಕೈಯಾದರೆ? ಕುದಿನೀರಿನ ಒಂದು ಗ್ರಾಂ ಮೈಯ ಬಿಸಿಗೆ ಇಳಿಯುವಷ್ಟರಲ್ಲಿ ಚರ್ಮಕ್ಕೆ ಕೊಡುವುದು 63 ಕ್ಯಾಲೊರಿ. ಅಷ್ಟೇ ಆವಿಯು ಕೊಡುವುದು 603. ಆವಿಯ ಸುಟ್ಟಗಾಯವು ಅಷ್ಟು ಘೋರವಾಗಿರುವುದಕ್ಕೆ ಇದೇ ಕಾರಣ. ಇಡ್ಲಿಯ ಪಾತ್ರೆಯ ಮುಚ್ಚಳವನ್ನು ಮೊದಲು ಆಚೆಯ ಅಂಚಿನಿಂದ ಎತ್ತಿ, ಆವಿಯನ್ನು ಮುಖಕ್ಕೆದುರಾಗದಂತೆ ಹೊರಬಿಡಬೇಕು. ಕುಕ್ಕರಿನ ಒತ್ತಡವು ಪೂರ್ತಿ ಇಳಿಯುವ ಮುನ್ನ ಮುಚ್ಚಳಕ್ಕೆ ಕೈಹಾಕಬಾರದು. ಮಕ್ಕಳನ್ನು ಒಲೆಯ ಬಳಿ ಬಿಡಬಾರದು. ಒಂದು ವೇಳೆ ಸುಟ್ಟರೆ, ಬಳೆ ಉಂಗುರಗಳನ್ನು ಕೂಡಲೇ ತೆಗೆದು, ಆ ಭಾಗವನ್ನು ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಶಾಯಿ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಹಚ್ಚಕೂಡದು. ಬೊಬ್ಬೆಯೆದ್ದರೆ ಅದನ್ನು ಒಡೆಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು.